ಎಂಟು ಮೂಲೆಯ ಕಪ್ಪು

ಚಿಲಿ ದೇಶದಲ್ಲಿ ಪೊಟ್ಟಣಗಳ ಎದೆಯ ಮೇಲೆ
ಎಂಟು ಮೂಲೆಯ ಕಪ್ಪು ಬಿಲ್ಲೆ.
ಸಕ್ಕರೆ ಅತಿ. ಉಪ್ಪು ಅತಿ. ಕೊಬ್ಬು ಅತಿ.
ಸರ್ಕಾರ ಇಟ್ಟ ದೃಷ್ಟಿಬೊಟ್ಟು,
ಕೂಸಿನ ಕೆನ್ನೆಗಲ್ಲ, ನೋಡುವ ಕಣ್ಣಿನ ಆಸೆಗೆ.

ಚಿಲೋಯೆ ದ್ವೀಪದ ಈ ಬಂದರಿನ ಶಾಲೆಯಲ್ಲಿ
ಹತ್ತನೆಯ ತರಗತಿಗೆ ವಾರಕ್ಕೆರಡು ಗಂಟೆ
'ಆಹಾರ ಮತ್ತು ಆರೋಗ್ಯ'. ಹೇಳುವವಳು ನಾನು,
ಚೀಲದಲ್ಲಿ ಮೂರು ಬಿಲ್ಲೆಯ ಬಿಸ್ಕತ್ತು,
ಬೆಳಗಿನದು, ಅರ್ಧ ತಿಂದದ್ದು.

ಮೊದಲ ವಾರ, ಪೊಟ್ಟಣ ತಂದು ಓದಿ ಎಂದೆ.
ತಂದರು. ಕತ್ತರಿಸಿದರು. ಕೈಗೆ ಗೋಂದು ಸಿಕ್ಕಮೇಲೆ ಕೇಳಬೇಕೆ?
ಮಧ್ಯಾಹ್ನದೊಳಗೆ ಬೆಂಚು, ಬಾಗಿಲು, ಗಡಿಯಾರ,
ಕಾವಲುಗಾರನ ಮುದಿ ನಾಯಿ, ಎಲ್ಲಕ್ಕೂ ಬಿಲ್ಲೆ.
ನನ್ನ ಬೆನ್ನಿಗೊಂದು: 'ಮಾತು ಅತಿ'.
ಅದನ್ನು ಹೊತ್ತುಕೊಂಡೇ ಮೀನಂಗಡಿಗೆ ಹೋಗಿದ್ದೆ;
ಅಂಗಡಿಯವ ನಕ್ಕಿದ್ದೇಕೆಂದು
ರಾತ್ರಿ ಕೋಟು ಕಳಚುವಾಗ ತಿಳಿಯಿತು.

ಎರಡನೆಯ ವಾರ ಲೆಕ್ಕ.
ಒಂದು ಬಾಟಲಿಯ ಸಕ್ಕರೆಯನ್ನು ಚಮಚದಲ್ಲಿ ಅಳೆದು
ಗಾಜಿನ ಲೋಟಕ್ಕೆ ಸುರಿದೆ. ಹತ್ತು, ಹನ್ನೊಂದು, ಹನ್ನೆರಡು.
ಎಲಿಸೆಯೊ ನಾವೆಲ್ಕಿನ್ ಬೆರಳದ್ದಿ ನೆಕ್ಕಿ
'ಟೀಚರ್, ಇದರಲ್ಲಿ ಗುಳ್ಳೆ ಇಲ್ಲ' ಎಂದ.
ಅವನ ತಾಯಿಗೆ ಸಾಲ್ಮನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.
ಮನೆಯಲ್ಲಿ ಲೋಟದ ನೂಡಲ್ಸು, ಕುದಿನೀರು,
ಮೂವರು ತಂಗಿಯರಿಗೂ ಅವನೇ ಹೊಯ್ಯುವುದು.
ನಾನು ತಟ್ಟೆಯ ಚಿತ್ರ ಬರೆದು
ಅರ್ಧ ತರಕಾರಿ, ಕಾಲು ಕಾಳು ಎನ್ನುವಾಗ
ವಿನಯದಿಂದ ತಲೆಯಾಡಿಸಿದ,
ತಾನೆಂದೂ ಹೋಗದ ದೇಶದ ಭೂಪಟ ನೋಡುವವನಂತೆ.

ಯಸ್ನಾ ಮಾತ್ರ ಎಲ್ಲ ಬರೆದುಕೊಂಡಳು.
ದುಂಡು ಅಕ್ಷರ, ಎರಡು ಬಣ್ಣದ ಪೆನ್ನು.
ಇಂಥವಳೊಬ್ಬಳು ಸಿಕ್ಕಳಲ್ಲ ಎಂದು ಹಿಗ್ಗಿದೆ.
ಚಳಿಗಾಲದ ರಜೆ ಮುಗಿಸಿ ಬಂದಾಗ
ಅವಳ ಸ್ವೆಟರಿನ ತೋಳು ದೊಗಲೆಯಾಗಿತ್ತು.
ಇಲ್ಲ,
ಸ್ವೆಟರು ಇದ್ದಂತೆಯೇ ಇತ್ತು.

ತಿದ್ದಲು ತಂದ ಅವಳ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ
ನಾನು ಕಲಿಸಿದ ಲೆಕ್ಕ
ನಾನು ಕಲಿಸದ ದಾರಿ ಹಿಡಿದಿತ್ತು:
ಒಂದು ಸೇಬು. ಅರ್ಧ ಸೇಬು. ಕಾಲು ಸೇಬು. ನೀರು.
ಕೆಳಗೆ ಮೊತ್ತ. ಒಂದೂ ತಪ್ಪಿಲ್ಲ.
ಪುಟದಂಚಿಗೆ ಶಾಯಿಯಲ್ಲಿ ತುಂಬಿದ ಎಂಟು ಮೂಲೆ,
ಒಳಗೆ ಬಿಳಿ ಬಿಟ್ಟು ಬರೆದ ಹೆಸರು, ಅವಳದೇ.

ಕೆಂಪು ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ.
ತಿಂಡಿಗೆ ಇಟ್ಟ ಬೊಟ್ಟು
ತಿನ್ನುವವಳಿಗೆ ಅಂಟಿತ್ತು.

ಬೆಳಗಾಗುತ್ತಲೇ ಅವಳ ತಾಯಿಗೆ ಫೋನು, ಆಸ್ಪತ್ರೆಗೆ ಫೋನು.
ಸರದಿ ಮುಂದಿನ ತಿಂಗಳಂತೆ.
ತಿಂಗಳು ಎಂದರೆ ನನ್ನ ಎಂಟು ಗಂಟೆಗಳು.
ತಟ್ಟೆಯ ಚಿತ್ರ ಸುತ್ತಿ ಬೀರುವಿನ ಮೇಲೆಸೆದೆ.
ಪ್ರಯೋಗಶಾಲೆಯ ಒಲೆಯ ಮೇಲೆ
ಅತ್ತೆಯ ಹಿತ್ತಿಲ ಆಲೂಗಡ್ಡೆ ಬೆಂದವು, ಸಿಪ್ಪೆ ಸಮೇತ:
ಕರಿಯವು, ನೇರಳೆ, ಕಿರುಬೆರಳಿನಂಥ ಡೊಂಕು.
ಎಲಿಸೆಯೊ ಅಜ್ಜಿಯ ಒಣಗಿಸಿದ ಕಡಲಪಾಚಿ ತಂದು
ನೆನೆಸಿ, ಹೆಚ್ಚಿ, ಈರುಳ್ಳಿಯೊಡನೆ ಬಾಡಿಸಿದ.
ಒಲೆಯ ಮುಂದೆ ಅವನ ಕೈ ನನ್ನದಕ್ಕಿಂತ ಪಳಗಿತ್ತು.
'ಇದರಲ್ಲಿ ಎಷ್ಟಿದೆ?' ಹಿಂದಿನ ಬೆಂಚಿನಿಂದ ಯಾರೋ.
ನಾಲಗೆಯ ತುದಿಯಲ್ಲೇ ಇತ್ತು ಅಂಕಿ.
ಬಿಸಿ ಗಡ್ಡೆಯೊಡನೆ ನುಂಗಿ,
'ಎಲ್ಲರಿಗೂ ಸಾಕಾಗುವಷ್ಟು' ಎಂದೆ.

ಕಿಟಕಿಗಳೆಲ್ಲ ಹಬೆಗೆ ಮಬ್ಬು. ಹೊರಗೆ ದೋಣಿಗಳು ಕಾಣವು.
ಯಸ್ನಾ ಒಂದನ್ನು ಎರಡೂ ಅಂಗೈಯಲ್ಲಿ ಹಿಡಿದು
'ಬೆಚ್ಚಗಿದೆ' ಎಂದಳು.
ತಿಂದಳು ಎಂದು ಬರೆದರೆ ಸುಳ್ಳಾದೀತು.
ಉಗುರಿನಿಂದ ಸಿಪ್ಪೆ ಎಬ್ಬಿಸಿದಳು,
ಒಳಗಿನ ನೇರಳೆ ಬಳೆಯನ್ನು ನೋಡುತ್ತ ಕೂತಳು.
ಗಂಟೆ ಬಾರಿಸಿ ಎಲ್ಲ ಎದ್ದು ಹೋದ ಮೇಲೆ
ಅವಳ ಜಾಗದಲ್ಲಿ ಸಿಪ್ಪೆಯಷ್ಟೇ ಉಳಿದಿತ್ತು.
ಗಡ್ಡೆ ಬಾಯಿಗೋ, ಜೇಬಿಗೋ, ಆ ಮುದಿ ನಾಯಿಗೋ.
ಕಸದ ಬುಟ್ಟಿ ಬಗ್ಗಿ ನೋಡಲಿಲ್ಲ ನಾನು.

ಬೋರ್ಡಿನ ಮೇಲೆ ಎಲಿಸೆಯೊನ ಸೊಟ್ಟ ಅಕ್ಷರ:
'ಮಂಗಳವಾರ ಎಲ್ಲರೂ ಒಂದೊಂದು ಈರುಳಿ ತರುವುದು.'
ತಪ್ಪಿತ್ತು. ತಿದ್ದದೆ
ದೀಪ ಆರಿಸಿದೆ.