ಎಬ್ಬಿಸದೆ ತಾ

ಮೂರನೇ ಸಲವೂ ಜಬೀವುಲ್ಲಾ ತಲೆಯಾಡಿಸಿದ:
"ಒಂದ್ ಹನಿ ಇಲ್ಲ. ಬೇಸಿಗೆ ಕೆರೆ ಇದ್ದಂಗೈತೆ ಕೆಳಗೆ."
ನಿಜ. ಮೆದೇಹಳ್ಳಿ ರಸ್ತೆಯ ಅವನ ಶೆಡ್ಡಿನಲ್ಲಿ
ನನ್ನ ಗಾಡಿ ಸಾಧು ದನದ ಹಾಗೆ ನಿಂತಿತ್ತು.
ರೇಡಿಯೇಟರು ಕೈಯಿಟ್ಟರೆ ಸುಡುವಷ್ಟು ಬಿಸಿ,
ಪೈಪು ಸರಿ, ಕ್ಲಿಪ್ಪು ಬಿಗಿ,
ಅಲ್ಲಿ ಸುಳ್ಳು ಹೇಳುತ್ತಿದ್ದವನು ನಾನೊಬ್ಬನೇ.

ಮನೆಯಲ್ಲಾದರೆ ಬೇರೆ.
ಪುಷ್ಯದ ಚಳಿ. ಜೋಗಿಮಟ್ಟಿ ಇಳಿದ ಗಾಳಿ
ಕೆಳಗೋಟೆಯ ಬಾಗಿಲುಗಳನ್ನು ಒಂದೊಂದೇ ತಟ್ಟಿ
ಬಂಡೆಸಂದಿಗೆ ಮರಳುವ ಹೊತ್ತಿಗೆ
ಗಾಡಿಯ ಕೆಳಗೆ ಹಾಸಿದ್ದ
ಚಳ್ಳಕೆರೆ ಎಣ್ಣೆಪೆಟ್ಟಿಗೆಯ ರಟ್ಟಿನ ಮೇಲೆ
ಹಸಿರು.
ಒಂದು ದಿನ ಎಂಟಾಣೆಯಗಲ,
ಒಂದು ದಿನ ವೀಳ್ಯದೆಲೆ,
ಮೊನ್ನೆ ಹಪ್ಪಳ.
ಮೂಸಿದರೆ ಸಿಹಿ. ಓಣಿಯ ನಾಯಿಮರಿ ನಾಲಿಗೆ ಚಾಚಿತ್ತು,
ಅಕ್ಕ ಗದರಿಸಿ ಓಡಿಸಿ
ಬೊಗಸೆ ಮರಳು ಸುರಿದಳು.

ನಾನು ಗಾಳಿಯಂತ್ರಗಳ ಬೋಲ್ಟು ಬಿಗಿಯುವವನು.
ಎಂಬತ್ತು ಮೀಟರು ಎತ್ತರದಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು,
ಎಷ್ಟು ತಿರುಗಿಸಬೇಕೋ ಅಷ್ಟೇ ತಿರುಗಿಸಿ, ಬಣ್ಣದಲ್ಲಿ ಗೆರೆ ಎಳೆದು ಬರುವವನು.
ನನ್ನದೇ ಗಾಡಿ ಎಲ್ಲಿ ಸೋರುತ್ತಿದೆಯೆಂದು ತಿಳಿಯದೆ
ರಟ್ಟುಗಳ ಮೇಲೆ ತಾರೀಖು ಬರೆದು ಅವನೆದುರು ಇಟ್ಟೆ.

ಎಕ್ಸ್‌ರೇ ಹಿಡಿದಂತೆ ಬೆಳಕಿಗೆ ಹಿಡಿದ ಒಂದೊಂದನ್ನೂ.
"ನನ್ನತ್ರ ಎಷ್ಟೊತ್ತಿಗೆ ಬರ್ತೀಯ?"
"ಸಂಜೆ, ಡ್ಯೂಟಿ ಮುಗಿಸಿ."
"ಓಡಿಸ್ಕಂಡು."
"ಮತ್ತೆ, ಹೊತ್ಕಂಡು ಬರ್ಲಾ?"
"ತಳ್ಕಂಡು ಬಾ. ನಸುಕಿಗೆ. ಕೀ ಹಾಕ್ಬ್ಯಾಡ.
ಕಬ್ಬಿಣ ಕಾದ್ರೆ ಹಿಗ್ತೈತೆ, ರಬ್ಬರು ಮೆತ್ತಗಾಗಿ ತಬ್ಬಿಕೊಂತೈತೆ.
ಗಾಯ ಮುಚ್ಕಂಡು ಬರ್ತೀಯ, ಗಾಯ ಹುಡುಕು ಅಂತೀಯ.
ಎಬ್ಬಿಸ್ದೆ ತಾ."

ನೂರಾ ಎಂಬತ್ತು ಕಿಲೋ ನಿದ್ದೆ.
ಐದೂವರೆಗೆ ಅದನ್ನು ತಳ್ಳುತ್ತ ಹೊರಟೆ.
ಹ್ಯಾಂಡಲ್ಲಿನ ಕಬ್ಬಿಣ ಕೈಯ ಬಿಸಿಯನ್ನೆಲ್ಲ ಕುಡಿಯಿತು.
"ಪೆಟ್ರೋಲಾ?" ಎಂದ ಹಾಲಿನವನು.
"ಪಂಚರಾ?" ಎಂದ ಬೀಟಿನ ಪೊಲೀಸು.
ಏನೆಂದು ಹೇಳಲಿ? ಎಲ್ಲ ಸರಿಯಿದೆ,
ಸರಿಯಿಲ್ಲದ್ದನ್ನು ತೋರಿಸಲು ಒಯ್ಯುತ್ತಿದ್ದೇನೆ ಎಂದೇ?
ಗುಡ್ಡದ ಮೇಲೆ ನನ್ನ ಯಂತ್ರಗಳ ಕೆಂಪು ದೀಪ
ಕಣ್ಣು ಮಿಟುಕಿಸಿದವು, ಮಿಟುಕಿಸಿದವು.

ಮಫ್ಲರು ಸುತ್ತಿಕೊಂಡು ಕೂತಿದ್ದ ಜಬೀವುಲ್ಲಾ.
ಹಲ್ಲಿನಲ್ಲಿ ಟಾರ್ಚು. ಸೈಕಲ್ ಪಂಪಿಗೆ ತಾನೇ ಕೂಡಿಸಿದ ಮೀಟರು.
ರೇಡಿಯೇಟರಿಗೆ ಗಾಳಿ ಒತ್ತಿದ, ನಾಲ್ಕು ಸಲ, ಹಗುರಕ್ಕೆ.
ಮುಳ್ಳು ಏರಿ ನಿಂತಿತು.
ಪಂಪಿನ ಕೆಳಗಿನ ತೂತು ಒಣ. ಮೇಲಿನ ಪೈಪು ಒಣ.
ಟೀ ತಂದ ಹುಡುಗನಿಗೂ ಸುಮ್ಮನಿರಲು ಕೈಸನ್ನೆ ಮಾಡಿದ.
ಮುಳ್ಳು ಕೂದಲೆಳೆಯಷ್ಟು ಜಾರಿತು.
ಆಮೇಲೆ, ಹಿಂದುಗಡೆ, ಯಾರ ಕಣ್ಣೂ ಹೋಗದ ತಿರುವಿನಲ್ಲಿ,
ಕೆಳಗಿನ ಕ್ಲಿಪ್ಪಿನ ತುಟಿಯಲ್ಲಿ
ಒಂದು ಹಸಿರು ಮಣಿ
ತುಂಬಿತು,
ಯೋಚಿಸಿತು,
ಬಿತ್ತು.

ಸ್ಕ್ರೂಡ್ರೈವರಿಗೆ ಕೈ ಹಾಕಿದ್ದು ನಾನು. ಅವನು ತಡೆದ:
"ಇನ್ನೊಂದು ಬೀಳ್ಲಿ. ಒಂದ್ ಹನಿ ಸಾಕ್ಷಿ ಅಲ್ಲ."
ಎರಡನೆಯದಕ್ಕೆ ಕಾಯುತ್ತ ಎಡಗೈಯ ಕಿರುಬೆರಳು ನೀವಿಕೊಂಡ:
"ಇದೂ ಹಿಂಗೇ. ರಾತ್ರಿಯೆಲ್ಲ ಸೆಳೀತೈತೆ,
ಮಧ್ಯಾಹ್ನ ಡಾಕ್ಟ್ರ ಮುಂದೆ ಮದುಮಗನಂಗೆ ಕೂತ್ಕಂತೈತೆ."

ಮೂವತ್ತು ರೂಪಾಯಿಯ ಹೊಸ ಕ್ಲಿಪ್ಪು. ನಾಲ್ಕು ಸುತ್ತು, ಮೇಲೊಂದು ಅರ್ಧ.
ಗೆರೆ ಎಳೆಯಲು ನನ್ನ ಜೇಬಿನ ಹಳದಿ ಪೆನ್ನು ಕೊಟ್ಟೆ.
ಅವನಿಗೆ ಅದರ ಅಗತ್ಯವಿರಲಿಲ್ಲ, ಆದರೂ ಎಳೆದ.

ಮರುದಿನ ನಸುಕಿಗೆ ರಟ್ಟು ನೋಡಲು ಹೋದೆ.
ಒಣಗಿತ್ತೆಂದು ಕಾಣುತ್ತದೆ. ಸರಿಯಾಗಿ ಹೇಳಲಾರೆ,
ಅದರ ಮೇಲೆ ನಾಯಿಮರಿ ಸುರುಳಿ ಸುತ್ತಿ ಮಲಗಿತ್ತು.
ಗಾಡಿಯನ್ನು ಓಣಿಯ ತುದಿಯವರೆಗೆ ತಳ್ಳಿಕೊಂಡು ಹೋದೆ,
ಅಭ್ಯಾಸವಾಗಿತ್ತಲ್ಲ.