ತೊಂಬತ್ತಾರು ಕುಣಿ

ಅಂಗೈಯಷ್ಟು ಪ್ಲಾಸ್ಟಿಕ್ ತಟ್ಟಿ,
ಅದರಾಗ ತೊಂಬತ್ತಾರು ಕುಣಿ.
ನಮ್ಮ ಗುಳೇದಗುಡ್ಡದಾಗ ಕುಣಿ ಅಂದ್ರ ಎರಡಽ:
ಒಂದು ಮಗ್ಗದ್ದು, ಕಾಲು ಇಳಿಬಿಟ್ಟು ಕೂಡೂದು,
ಇನ್ನೊಂದು ಮಲಗೂದು.
ಬಾಗಲಕೋಟಿ ನವನಗರದ ಈ ಲ್ಯಾಬಿಗೆ ಬಂದ ಮ್ಯಾಲ
ಮೂರನೇದು ಕಲತೆ.

ಒಂದೊಂದು ಕುಣಿಗೆ ಐದೈದು ಸಾವಿರ ಕೋಶ.
ಯಾರ ಎದಿಯಿಂದ ತಗದದ್ದೋ, ಯಾವ ಊರಾಕಿಯೋ,
ಆಕಿ ಹೋಗಿ ಐವತ್ತು ವರ್ಷ ಆಗಿರಬೇಕು.
ಗಂಟು ಮಾತ್ರ ಇನ್ನೂ ಬೆಳೀತೈತಿ
ಮೂವತ್ತೇಳು ಡಿಗ್ರಿ ಕಾವಿನಾಗ.
ಎರಡು ದಿನಕ್ಕೊಮ್ಮೆ ಕೆಂಪು ನೀರು ಬದಲಿಸ್ಕೋಂತ
ಬಾಣಂತಿ ಆರೈಕಿ ಮಾಡಿಧಂಗ ನಾನಽ ಮಾಡೇನಿ.

ಸೋಮವಾರ ಔಷಧ ಹಾಕಿದೆ.
ಎಡಕಿನ ಸಾಲಿಗೆ ಏನೂ ಇಲ್ಲ, ಆಮ್ಯಾಲ ಒಂದು ಚೂರು,
ಆಮ್ಯಾಲ ಅದರ ಇಮ್ಮಡಿ, ಇಮ್ಮಡಿಯ ಇಮ್ಮಡಿ.

ಕೋಶ ಎರಡಾಗೂ ಹೊತ್ತಿಗೆ ಒಳಗ ಸಣ್ಣ ನೂಲು ಹಾಸತೈತಿ,
ಆ ಕಡೆ ಅರ್ಧ ಈ ಕಡೆ ಅರ್ಧ ಎಳೀತೈತಿ,
ಎಳದು ಮುಗದ ಮ್ಯಾಲ ಬಿಚ್ಚಿ ಹಾಕತೈತಿ.
ಔಷಧ ನೂಲು ಕಡಿಯೂದಿಲ್ಲ.
ಬಿಚ್ಚಗೊಡೂದಿಲ್ಲ, ಅಷ್ಟ.
ಅಪ್ಪಗ ಫೋನಿನಾಗ ಹೇಳಿದೆ.
"ಗಂಜಿ ಹೆಚ್ಚಾತು ಅನ್ನು" ಅಂದ.

ಮಂಗಳವಾರ ಸೂಕ್ಷ್ಮದರ್ಶಕದಾಗ ನೋಡಿದ್ರ
ಚಪ್ಪಟೆ ಹರವಿಕೊಂಡಿದ್ದವು ಗುಂಡಗಾಗಿದ್ದವು,
ಎರಡಾಗಲಿಕ್ಕೆ ಸಜ್ಜಾಗಿ, ಆಗಲಾರದ ನಿಂತಿದ್ದವು.
ಬುಧವಾರ ಮೈತುಂಬ ಗುಳ್ಳಿ, ಕುದಿಯೂ ಅಂಬಲಿ ಹಂಗ.
ಯಾರೂ ಹೊಡದಿಲ್ಲ.
ತಾವಽ ತಮ್ಮ ಮನಿ ಸಾಮಾನು
ಸಣ್ಣ ಸಣ್ಣ ಗಂಟು ಕಟ್ಟಿ ಹೊರಗಿಟ್ಟಂಗ.

ಗುರುವಾರ ಹಳದಿ ಬಣ್ಣ ಹಾಕಿ ನಾಕು ತಾಸು ಕಾದೆ.
ಜೀವ ಇದ್ದದ್ದು ಹಳದಿ ಕುಡದು ನೇರಳಿ ಆಗತೈತಿ,
ಸತ್ತದ್ದು ಹಳದಿನಽ ಉಳೀತೈತಿ.
ಅರಿಶಿಣ ಅಂದ್ರ ಇಲ್ಲಿ ಸಾವು.
ಇದನ್ನ ಮನ್ಯಾಗ ಯಾರಿಗೂ ಹೇಳಿಲ್ಲ.

ತಟ್ಟಿ ಬೆಳಕಿಗೆ ಹಿಡದೆ:
ಎಡಕ್ಕ ದಟ್ಟ ನೇರಳಿ, ಬಲಕ್ಕ ಬರಬರತ ತೆಳು,
ಕಡೀಗೆ ಹಳದಿ ದಡಿ.
ಖಣ! ಅಪ್ಪನ ಮಗ್ಗದಿಂದ ಈಗಿನ್ನ ಕೊಯ್ದು ತಗದದ್ದು.

ಬರೇ ಮ್ಯಾಲಿನ ಸಾಲು ನೋಡಿ ಓಡಿದೆ.
ಕುಲಗೋಡ ಮೇಡಂ ಕಣ್ಣು ಎತ್ತದ ಅಂದ್ರು:
"ಸಿಂಕ್ ತೊಳಿಯೂ ಬ್ಲೀಚ್ ಹಾಕಿದ್ರೂ ಇವು ಸಾಯ್ತಾವ.
ಕೆಳಗಿನ ಎರಡು ಸಾಲು ಓದು."

ಕೆಳಗಿನ ಎರಡು ಸಾಲಿನಾಗ ರೋಗ ಇಲ್ಲದ ಕೋಶ.
ಔಷಧ ಅದಽ. ಅಳತಿ ಅದಽ.
ಅಲ್ಲೂ ನೇರಳಿ ತೆಳುವಾಗಿತ್ತು,
ಒಂದೆರಡು ಕುಣಿ ತಡವಾಗಿ, ಅಷ್ಟ.
ಆ ಒಂದೆರಡು ಕುಣಿಯಾಗ
ತುಳಸತ್ತಿ ಕುಂತಾಳ ಅನಿಸ್ತು, ಕೂದಲ ಇಲ್ದ,
ಮೂರನೇ ಸಲದ ಸಲೈನ್ ಮುಗಿಸಿ,
ಬಾಯಿ ಹುಣ್ಣಿಗೆ ಮಜ್ಜಿಗಿ ಮುಕ್ಕಳಿಸ್ಕೋಂತ,
"ಎಷ್ಟು ಸತ್ತುವು, ಯವ್ವಾ?" ಅಂತ ಕೇಳಕೋಂತ.

ಎಣಿಸಿಲ್ಲ ಅತ್ತಿ. ಯಂತ್ರ ಎಣಿಸತೈತಿ.
ನಾನು ಎರಡು ನೇರಳಿ ನಡುವಿನ ಅಂತರ ಬರಕೊಂಡೆ,
ವಹಿಯಾಗ ತಾರೀಖು ಹಾಕಿದೆ,
ತಟ್ಟಿ ಬ್ಲೀಚಿನಾಗ ಮುಳುಗಿಸಿದೆ.
ತಾಸಿನೊಳಗ ಎಲ್ಲಾ ಬೆಳ್ಳಗ.

ಶುಕ್ರವಾರ ಮತ್ತ ತೊಂಬತ್ತಾರು.