ನಿನ್ನೆ ಎಲ್ಲೆಲ್ಲಿಗೆ ಹೋಗಿದ್ದಿರಿ?

ಫಾರ್ಮಿಗೆ ನಲವತ್ತು ರೂಪಾಯಿ.
ಬಿಸಿಲಿಗೆ ಬೇರೆ ಕೊಡುವುದಿಲ್ಲ ಎಂದು
ಮೊದಲೇ ಹೇಳಿದ್ದರು ಅಣವೀರಪ್ಪ ಸರ್.
ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ರಟ್ಟು,
ರಟ್ಟಿಗೆ ದಾರ ಬಿಗಿದು ಕಟ್ಟಿದ ಪೆನ್ನು,
ತಲೆಯ ಮೇಲೆ ಒದ್ದೆ ಟವೆಲ್.
ಬ್ರಹ್ಮಪುರದ ಗಲ್ಲಿಯಲ್ಲಿ ಹತ್ತು ಗಂಟೆಗೇ
ಶಹಾಬಾದ ಕಲ್ಲಿನ ಕಟ್ಟೆಗಳು ರೊಟ್ಟಿ ಸುಡುವಷ್ಟಾಗಿದ್ದವು.

ಪ್ರಶ್ನೆ ಒಂದೇ:
ನಿನ್ನೆ ಬೆಳಗಿನ ನಾಲ್ಕರಿಂದ ಇವತ್ತು ಬೆಳಗಿನ ನಾಲ್ಕರ ತನಕ
ಮನೆಯವರು ಎಲ್ಲೆಲ್ಲಿಗೆ, ಯಾತರಲ್ಲಿ, ಯಾತಕ್ಕೆ, ಎಷ್ಟೊತ್ತಿಗೆ?
ಕೆಲಸ ಒಂದು, ಶಾಲೆ ಎರಡು, ಸಂತೆ ಮೂರು,
ಆಸ್ಪತ್ರೆ ನಾಲ್ಕು, ದೇವರು ಐದು,
ಮನೆಗೆ ವಾಪಸು ಆರು.
ಉಳಿದದ್ದೆಲ್ಲ ಒಂಬತ್ತು.
ಏಳು, ಎಂಟು ಯಾಕಿಲ್ಲ ಎಂದು ತರಬೇತಿಯಲ್ಲಿ ಕೇಳಿದೆ.
ಅಷ್ಟರಲ್ಲಿ ಚಹಾ ಬಂತು.

ಟಂಟಂ ಹೊಡೆಯುವ ಮಹಿಬೂಬ್ ಪಟೇಲ
ಬೇವಿನ ಕಡ್ಡಿ ಕಚ್ಚಿಕೊಂಡೇ ನಕ್ಕ:
"ನಾ ಎಲ್ಲೀನೂ ಹೋಗಲ್ರಿ, ಹೋಗೋರಿಗಿ ಒಯ್ತೀನಿ.
ಸೂಪರ್ ಮಾರ್ಕೆಟಿನಿಂದ ರಿಂಗ್ ರೋಡ್ ತನಕ
ನಿನ್ನಿ ಇಪ್ಪತ್ತಾರು ಸಲ.
ಬರ್ಕೋರಿ, ಇಪ್ಪತ್ತಾರು."
ಸೂಚನೆ ಹನ್ನೊಂದು: ಚಾಲಕರ ಓಡಾಟ ಲೆಕ್ಕಕ್ಕಿಲ್ಲ.
ಸೊನ್ನೆ ಬರೆದೆ. ಅವನಿಗೆ ತೋರಿಸಲಿಲ್ಲ.

ಜೀಜಾಬಾಯಿ ಕಪನೂರಿನ ದಾಲ್ ಮಿಲ್ಲಿಗೆ
ನಡೆದು ಹೋಗಿ ನಡೆದೇ ಬಂದವಳು.
ದೂರ ಎಷ್ಟಾಗಬಹುದು?
"ಹೋಗೋವಾಗ ಒಂದು ಎಲಿ-ಅಡಿಕಿ.
ಬರೋವಾಗ ಮೂರು."
ಫಾರ್ಮು ಕಿಲೋಮೀಟರು ಕೇಳುತ್ತದೆ;
ಹೋಗುವ ದಾರಿ, ಬರುವ ದಾರಿ
ಎರಡೂ ಒಂದೇ ಉದ್ದ ಎಂದು ಅದಕ್ಕೆ ನಂಬಿಕೆ.

ತನಜೀಮಳಿಗೆ ಪಾಲಿಟೆಕ್ನಿಕ್ಕಿಗೆ ಒಂದು ಟಂಟಂ ಸಾಕು.
ಎರಡು ಹಿಡಿಯುತ್ತಾಳೆ.
ಜಗತ್ ಸರ್ಕಲ್ಲಿನಲ್ಲಿ ಇಳಿದು, ಬಟ್ಟೆಯಂಗಡಿ ಹೊಕ್ಕು,
ಹಿಂದಿನ ಬಾಗಿಲಿನಿಂದ ಹೊರಬಿದ್ದು ಇನ್ನೊಂದು.
ಯಾಕಮ್ಮ, ಎಂದೆ.
ತಾಯಿ ಪಕ್ಕದಲ್ಲೇ ಕೂತಿದ್ದರು.
"ಆ ಅಂಗಡ್ಯಾಗ ಚಿಲ್ಲರ ಸಿಗ್ತದ," ಎಂದಳು
ನನ್ನ ಕಣ್ಣನ್ನೇ ನೋಡುತ್ತ.
ನಾನೂ ಎರಡು ವರ್ಷ
ಅದೇ ಅಂಗಡಿಯಿಂದ ಚಿಲ್ಲರೆ ತಂದವಳು.
ಕಾರಣ: ಒಂಬತ್ತು.

ಒಬ್ಬ ಮುದುಕ ತಂಬಿಗೆ ನೀರು ಕೊಟ್ಟು
ಬಸ್ ಸ್ಟಾಪನ್ನು ತನ್ನ ಬೇವಿನ ಗಿಡದ ಕೆಳಗೇ ಬರೆ ಎಂದ.
ಬರೆಯಲು ಜಾಗವಿಲ್ಲ ಅಂದರೆ
ಅಂಚಿನಲ್ಲಿ ಬರೆ ಎಂದ. ಬರೆದೆ.

ಮೂವತ್ತೊಂದನೇ ಮನೆ.
ಮಲ್ಕಣ್ಣ ಹೊರಸಿನ ಮೇಲೆ ಕೂತು
ಎಲ್ಲರದ್ದೂ ತಾನೇ ಹೇಳಿದ.
ತನ್ನದು ನಾಲ್ಕು: ಗಂಜು, ಬ್ಯಾಂಕು, ಹೋಟೆಲು, ಮನೆ.
ಮಗನದು ಎರಡು.
"ನಮ್ಮ ಮನ್ಯಾಕಿ ಎಲ್ಲೂ ಹೋಗಲ್ರಿ. ಸೊನ್ನಿ ಹಾಕ್ರಿ."
ಅವನ ಬೆನ್ನ ಹಿಂದೆ, ಒಳಬಾಗಿಲಲ್ಲಿ,
ಜೋಳದ ಹಿಟ್ಟು ಮೆತ್ತಿದ ಕೈಯೊಂದು ಮೇಲೆದ್ದಿತು.
ಐದು ಬೆರಳು.
ಮಡಚಿ, ಮತ್ತೆ ಒಂದು.
ಎಲ್ಲಿಗೆ ಎಂದು ಕೇಳುವಂತಿಲ್ಲ.
ಒಳಗೆ ಮತ್ತೆ ರೊಟ್ಟಿ ಬಡಿಯುವ ಸದ್ದು.

ಆರು ಬರೆದೆ.
ಸಂಜೆ ಸರ್ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು.
ಎಲ್ಲಿಂದ: ಖಾಲಿ. ಎಲ್ಲಿಗೆ: ಖಾಲಿ. ಯಾತರಲ್ಲಿ: ಖಾಲಿ.
"ಇಂಥಾದಕ್ಕ ಬಸ್ ಎಲ್ಲಿ ಬಿಡ್ಬೇಕವ್ವ?
ಹೋಗಿ ಸರಿ ಮಾಡ್ಕೊಂಡು ಬಾ."

ಮರುದಿನ ಹನ್ನೊಂದೂವರೆ.
ಮಲ್ಕಣ್ಣ ಗಂಜಿನಲ್ಲಿ, ಹುಡುಗ ಶಾಲೆಯಲ್ಲಿ,
ಬಾಗಿಲಿಗೆ ಹೊರಗಿನಿಂದ ಬೀಗ.
ಎದುರುಮನೆಯ ಅಜ್ಜಿ ಪುಂಡಿಪಲ್ಯ ಸೋಸುತ್ತಿದ್ದಳು.
ಅಕ್ಕ ಎಲ್ಲಿ ಹೋಗಿದ್ದಾರೆ?
"ಎಲ್ಲಿ ಹೋಗ್ತಾಳ? ಮನ್ಯಾಗೇ ಅದಾಳ,"
ಎಂದಳು, ತಲೆ ಎತ್ತದೆ.
ಚಪ್ಪಲಿ ಬಿಡುವ ಮೂಲೆಯ ಧೂಳಿನಲ್ಲಿ
ಎರಡು ಪಾದದಷ್ಟು ಕಲ್ಲು ಸ್ವಚ್ಛವಿತ್ತು.

ಕಟ್ಟೆ ಕಾದಿತ್ತು. ನಾನೂ ಕಾದೆ,
ಮೂವತ್ತೊಂದನೇ ಫಾರ್ಮನ್ನೇ ಬೀಸಣಿಗೆ ಮಾಡಿಕೊಂಡು.
ಗಲ್ಲಿಯ ತುದಿಯಲ್ಲಿ ಟಂಟಂ ನಿಂತ ಸಪ್ಪಳವಾಯಿತು.
ಎದ್ದುಬಿಟ್ಟೆ.
ಅವಳು ಬರುವ ಹೊತ್ತಿಗೆ ಬಾಗಿಲಲ್ಲಿ
ಕೇಳುವವರು ಯಾರೂ ಇರಬಾರದು ಅನ್ನಿಸಿತು.
ಅಜ್ಜಿ ಈಗ ತಲೆ ಎತ್ತಿ
ಹಿಂದಿನ ಗಲ್ಲಿಯ ದಾರಿ ತೋರಿಸಿದಳು.

ಆ ಫಾರ್ಮಿನ ನಲವತ್ತು ಬರಲಿಲ್ಲ.